ನಿಲ್ಲಬಾರದು ಎಂದರು, ಅವರು ನಡೆದರು

1977ರ ಏಪ್ರಿಲ್ 30. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕಕ್ಕೆ ಹದಿನಾಲ್ಕು ಹೆಂಗಸರು ಬಂದರು. ಚೌಕದ ಒಂದು ತುದಿಗೆ ಅಧ್ಯಕ್ಷರ ಗುಲಾಬಿ ಬಣ್ಣದ ಅರಮನೆ, ಪಕ್ಕದಲ್ಲಿ ನಗರದ ದೊಡ್ಡ ಚರ್ಚು, ಸುತ್ತ ಸರ್ಕಾರಿ ಕಚೇರಿಗಳು, ಬ್ಯಾಂಕುಗಳು. ಸೇನಾಡಳಿತದ ಮುಖ್ಯಸ್ಥ ಹೊರ್ಹೆ ರಾಫಾಯೆಲ್ ವಿಡೆಲಾ ಅವರನ್ನು ಕಂಡು ‘ನಮ್ಮ ಮಕ್ಕಳೆಲ್ಲಿ’ ಎಂದು ಕೇಳುವುದು ಆ ಹೆಂಗಸರ ಉದ್ದೇಶ. ಆದರೆ ಅಂದು ಶನಿವಾರ. ಕಚೇರಿಗಳಿಗೆ ಬಾಗಿಲು ಹಾಕಿತ್ತು, ಚೌಕದಲ್ಲಿ ಪಾರಿವಾಳಗಳ ಹೊರತು ನೋಡುವವರಿರಲಿಲ್ಲ.

ಮುಂದಿನ ಸಲ ಶುಕ್ರವಾರ ಬಂದರು. ಶುಕ್ರವಾರ ಒಳ್ಳೆಯದಲ್ಲ ಎಂದು ಅವರಲ್ಲೊಬ್ಬರು ಅಂದಮೇಲೆ ಗುರುವಾರಕ್ಕೆ ಬದಲಾಯಿತು. ಗುರುವಾರ ಮಧ್ಯಾಹ್ನ ಮೂರೂವರೆ ಗಂಟೆ. ಬ್ಯಾಂಕು, ಕಚೇರಿಗಳ ಜನ ಚೌಕವನ್ನು ದಾಟುವ ಹೊತ್ತು. ಆ ದಿನ, ಆ ಹೊತ್ತು ಮುಂದೆ ಬದಲಾಗಲಿಲ್ಲ.

ದೇಶದಲ್ಲಿ ಆಗ ನಿಷೇಧಾಜ್ಞೆ. ಮೂರ್ನಾಲ್ಕು ಜನ ಒಂದೆಡೆ ನಿಂತರೂ ಗುಂಪೆಂದೇ ಲೆಕ್ಕ. ಪೊಲೀಸರು ಬಂದು, ‘ಇಲ್ಲಿ ನಿಲ್ಲುವಂತಿಲ್ಲ, ನಡೆಯಿರಿ’ ಎಂದು ಗದರಿದರು. ಹೆಂಗಸರು ನಡೆದರು. ಮನೆಗಲ್ಲ. ಇಬ್ಬಿಬ್ಬರಾಗಿ ತೋಳಿಗೆ ತೋಳು ಸೇರಿಸಿಕೊಂಡು, ಚೌಕದ ನಡುವಿನ ಸ್ಮಾರಕ ಸ್ತಂಭವನ್ನು ಸುತ್ತತೊಡಗಿದರು. ಪೊಲೀಸರ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿಯೇ ಪ್ರತಿಭಟನೆ ನಡೆಸಿದ ಈ ಉಪಾಯ ಯಾವ ನಾಯಕನ ತಲೆಯಿಂದಲೂ ಬಂದದ್ದಲ್ಲ, ಅಲ್ಲಿ ಆ ಗಳಿಗೆಯಲ್ಲಿ ಹೊಳೆದದ್ದು.

ಹದಿನಾಲ್ವರಲ್ಲಿ ಮುಂದಾಳುತನ ವಹಿಸಿದವರು ಅಸುಸೇನಾ ವಿಯಾಫ್ಲೋರ್. 1924ರಲ್ಲಿ ಕಾರ್ಮಿಕರ ಮನೆಯಲ್ಲಿ ಹುಟ್ಟಿದವರು, ಹರೆಯದಲ್ಲಿ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಕೆಲಸ ಮಾಡಿದವರು, ನಾಲ್ಕು ಮಕ್ಕಳ ತಾಯಿ. 1976ರ ನವೆಂಬರ್ 30ರಂದು ಅವರ ಮಗ ನೆಸ್ತೊರ್‌ನನ್ನೂ ಅವನು ಮದುವೆಯಾಗಬೇಕಿದ್ದ ಹುಡುಗಿಯನ್ನೂ ಎತ್ತಿಕೊಂಡು ಹೋದರು. ತಾಯಿ ಪೊಲೀಸ್ ಠಾಣೆ ಅಲೆದರು, ಒಳಾಡಳಿತ ಸಚಿವಾಲಯ ಅಲೆದರು, ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ನೌಕಾಪಡೆಯ ಪಾದ್ರಿಯೊಬ್ಬರ ಕಚೇರಿಯ ಮುಂದೆ ಕಾಯುವಾಗ ತಮ್ಮಂತೆಯೇ ಕಾಯುತ್ತಿದ್ದ ಇತರ ತಾಯಂದಿರ ಪರಿಚಯವಾಯಿತು. ಇಲ್ಲಿ ಒಬ್ಬೊಬ್ಬರೇ ಕಾಯುವುದರಿಂದ ಏನೂ ಆಗದು, ಎಲ್ಲರೂ ಸೇರಿ ಚೌಕಕ್ಕೆ ಹೋಗೋಣ ಎಂದವರು ಅವರೇ.

ಅರ್ಜೆಂಟೀನಾದ ಸೇನೆ 1976ರ ಮಾರ್ಚ್ 24ರಂದು ಅಧಿಕಾರ ಕಿತ್ತುಕೊಂಡಿತ್ತು. ಎಡಪಂಥೀಯ ಸಶಸ್ತ್ರ ಗುಂಪುಗಳನ್ನು ಮಟ್ಟಹಾಕುವುದು ಅದು ಕೊಟ್ಟ ಕಾರಣ. ಬಲೆಗೆ ಬಿದ್ದವರಲ್ಲಿ ಕಾರ್ಮಿಕ ಸಂಘದವರು, ವಿದ್ಯಾರ್ಥಿಗಳು, ಶಿಕ್ಷಕರು, ವಕೀಲರು, ಕೊಳೆಗೇರಿಗಳಲ್ಲಿ ದುಡಿಯುತ್ತಿದ್ದ ಪಾದ್ರಿಗಳು ಎಲ್ಲರೂ ಇದ್ದರು. ನಂಬರ್ ಪ್ಲೇಟ್ ಇಲ್ಲದ ಫೋರ್ಡ್ ಫಾಲ್ಕನ್ ಕಾರುಗಳು ಬರುತ್ತಿದ್ದವು, ಮಫ್ತಿಯಲ್ಲಿದ್ದವರು ಒಳನುಗ್ಗಿ ಎಳೆದೊಯ್ಯುತ್ತಿದ್ದರು. ಆಮೇಲೆ ಬಂಧನದ ದಾಖಲೆಯಿಲ್ಲ, ಆರೋಪಪಟ್ಟಿಯಿಲ್ಲ, ಹೆಣವೂ ಇಲ್ಲ. ದೇಶದಾದ್ಯಂತ ಸುಮಾರು 340 ರಹಸ್ಯ ಬಂಧನ ಕೇಂದ್ರಗಳಿದ್ದವೆಂದು 1984ರಲ್ಲಿ ಸರ್ಕಾರಿ ಆಯೋಗವೇ ಪಟ್ಟಿ ಮಾಡಿತು. ಕಾಣೆಯಾದ 8,961 ಮಂದಿಯ ವಿವರ ಅದಕ್ಕೆ ಸಿಕ್ಕಿತ್ತು. ದೂರು ಕೊಡಲು ಹೆದರಿದವರು, ದೂರು ಕೊಡಲು ಮನೆಯಲ್ಲಿ ಯಾರೂ ಉಳಿಯದವರು ಸೇರಿದರೆ ಸಂಖ್ಯೆ 30,000 ಎಂಬುದು ಮಾನವ ಹಕ್ಕು ಸಂಘಟನೆಗಳ ಮಾತು.

ಇಷ್ಟೊಂದು ಗುಟ್ಟೇಕೆ ಎಂಬುದನ್ನು ತಿಳಿದುಕೊಂಡರೆ ತಾಯಂದಿರ ನಡಿಗೆಯ ಬಲವೂ ತಿಳಿಯುತ್ತದೆ. ನೆರೆಯ ಚಿಲಿಯಲ್ಲಿ 1973ರಲ್ಲಿ ಪಿನೊಚೆ ಅಧಿಕಾರ ಹಿಡಿದಾಗ ಸಾವಿರಾರು ಜನರನ್ನು ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಹಾಡಹಗಲೇ ಕೂಡಿಹಾಕಿದ್ದರು. ಆ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿ ಚಿಲಿಗೆ ಕೆಟ್ಟ ಹೆಸರು ತಂದವು. ಅರ್ಜೆಂಟೀನಾದ ಜನರಲ್‌ಗಳು ಅದರಿಂದ ಪಾಠ ಕಲಿತರು. ಕೊಲ್ಲುವುದನ್ನು ಬಿಡಬೇಕೆಂದಲ್ಲ, ಕಾಣದಂತೆ ಕೊಲ್ಲಬೇಕೆಂದು. ಹೊರಗಿನವರ ಕಣ್ಣಿಗೆ ಹೆದರಿಯೇ ಅವರು ಕತ್ತಲೆಯನ್ನು ಆರಿಸಿಕೊಂಡದ್ದು. ಹಾಗಾಗಿ ತಾಯಂದಿರು ವಾರಕ್ಕೊಮ್ಮೆ ಎಲ್ಲರಿಗೂ ಕಾಣುವ ಜಾಗದಲ್ಲಿ ಸುತ್ತು ಹಾಕಿದ್ದು ಬರೀ ಗೋಳಾಟವಾಗಿರಲಿಲ್ಲ, ಆ ಇಡೀ ಹುನ್ನಾರದ ಬುಡಕ್ಕೇ ಬಿದ್ದ ಏಟಾಗಿತ್ತು. ಹೊರದೇಶದ ಗೆಳೆಯರಿಂದ ಅವರಿಗೆ ಬೇಕಾದದ್ದೂ ಮೊದಲು ಇಷ್ಟೇ: ನೋಡಿ, ನೋಡಿದ್ದನ್ನು ಹೇಳಿ.

ಮೊದಮೊದಲು ಸರ್ಕಾರ ನಕ್ಕಿತು. ‘ಚೌಕದ ಹುಚ್ಚಿಯರು’ ಎಂದು ಕರೆಯಿತು. 1977ರ ಅಕ್ಟೋಬರಿನಲ್ಲಿ ಲುಹಾನ್ ಎಂಬಲ್ಲಿಗೆ ಹೋಗುವ ದೊಡ್ಡ ಪಾದಯಾತ್ರೆಯಲ್ಲಿ ಸೇರಿಕೊಳ್ಳಲು ತಾಯಂದಿರು ನಿರ್ಧರಿಸಿದಾಗ, ಅಷ್ಟು ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯುವುದು ಹೇಗೆಂಬ ಪ್ರಶ್ನೆ ಬಂತು. ಮಕ್ಕಳು ಕೂಸಾಗಿದ್ದಾಗ ಕಟ್ಟುತ್ತಿದ್ದ ಬಿಳಿ ಲಂಗೋಟಿ ಬಟ್ಟೆ ಮನೆಯಲ್ಲಿ ಇನ್ನೂ ಇತ್ತು, ಅದನ್ನೇ ತಲೆಗೆ ಕಟ್ಟಿಕೊಂಡರಾಯಿತು ಎಂದುಕೊಂಡರು. ಇಂದು ಜಗತ್ತೇ ಬಲ್ಲ ಬಿಳಿ ತಲೆವಸ್ತ್ರ ಹುಟ್ಟಿದ್ದು ಹೀಗೆ. ಅದೇ ತಿಂಗಳ 5ರಂದು ‘ಲಾ ಪ್ರೆನ್ಸಾ’ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದರು. ಸತ್ಯ ತಿಳಿಸಿ ಎಂದು ಕೇಳಿದ ಆ ಜಾಹೀರಾತಿನ ಕೆಳಗೆ 237 ತಾಯಂದಿರ ಹೆಸರುಗಳಿದ್ದವು. ಅಂಥ ದಿನಗಳಲ್ಲಿ ಹೆಸರು ಬರೆದು ಕೊಡುವುದೆಂದರೆ ತಮ್ಮ ಮನೆಯ ದಾರಿಯನ್ನು ತಾವೇ ತೋರಿಸಿಕೊಟ್ಟಂತೆ.

ಈ ಹೊತ್ತಿಗೆ ಅವರ ನಡುವೆ ಹೊಂಬಣ್ಣದ ಕೂದಲಿನ ಯುವಕನೊಬ್ಬ ಓಡಾಡುತ್ತಿದ್ದ. ಗುಸ್ತಾವೊ ನಿನ್ಯೊ ಎಂದು ಹೆಸರು ಹೇಳಿಕೊಂಡಿದ್ದ, ಅಣ್ಣ ಕಾಣೆಯಾಗಿದ್ದಾನೆ ಎಂದಿದ್ದ. ತಾಯಂದಿರು ಅವನನ್ನು ಮಗನಂತೆ ಕಂಡರು. ಚೌಕಕ್ಕೆ ಬರಬೇಡಪ್ಪ, ನಿನ್ನನ್ನೂ ಹಿಡಿದಾರು ಎಂದು ಕಾಳಜಿ ಮಾಡಿದರು. ಅವನು ನೌಕಾಪಡೆಯ ಅಧಿಕಾರಿ ಅಲ್ಫ್ರೆಡೊ ಅಸ್ತೀಸ್.

ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಅಂದಿಗೆ ಇನ್ನೊಂದು ಜಾಹೀರಾತು ಹಾಕಿಸಲು ತಾಯಂದಿರು ಹಣ ಕೂಡಿಸುತ್ತಿದ್ದರು. 8ರ ಸಂಜೆ ಸಾಂತಾ ಕ್ರೂಸ್ ಚರ್ಚಿನಿಂದ ಹೊರಬಂದವರನ್ನು ಹಿಡಿದರು. ಯಾರು ಯಾರನ್ನು ಹಿಡಿಯಬೇಕೆಂದು ಗುರುತು ಕೊಟ್ಟವನು ಅಸ್ತೀಸ್. ಎಸ್ತೆರ್ ಬಾಲೆಸ್ತ್ರಿನೊ, ಮರಿಯಾ ಪೊನ್ಸೆ ಎಂಬ ಇಬ್ಬರು ತಾಯಂದಿರು, ಫ್ರಾನ್ಸಿನ ಸನ್ಯಾಸಿನಿ ಆಲಿಸ್ ದೊಮೋನ್ ಅವರಲ್ಲಿದ್ದರು. 10ರ ಬೆಳಗ್ಗೆ, ಜಾಹೀರಾತು ಬಂದಿದೆಯೇ ಎಂದು ನೋಡಲು ಪತ್ರಿಕೆ ಕೊಳ್ಳಲು ಹೋಗಿದ್ದ ಅಸುಸೇನಾ ಅವರನ್ನು ಮನೆಯ ಬಳಿಯೇ ಎತ್ತಿಹಾಕಿಕೊಂಡು ಹೋದರು. ಇನ್ನೊಬ್ಬ ಫ್ರೆಂಚ್ ಸನ್ಯಾಸಿನಿ ಲಿಯೊನಿ ದ್ಯುಕೆ ಅವರನ್ನೂ ಅಂದೇ ಒಯ್ದರು. ಒಟ್ಟು ಹನ್ನೆರಡು ಜನ.

ಎಸ್ತೆರ್ ಅವರ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಪರಾಗ್ವೆಯಿಂದ ಓಡಿಬಂದು ಅರ್ಜೆಂಟೀನಾದಲ್ಲಿ ನೆಲೆಸಿದ್ದ ರಸಾಯನ ವಿಜ್ಞಾನಿ ಅವರು. ಅವರ ಪ್ರಯೋಗಾಲಯದಲ್ಲಿ ಕೈಕೆಳಗೆ ದುಡಿದ ಹುಡುಗರಲ್ಲೊಬ್ಬ ಮುಂದೆ ಪೋಪ್ ಫ್ರಾನ್ಸಿಸ್ ಆದ ಹೊರ್ಹೆ ಬೆರ್ಗೊಗ್ಲಿಯೊ. ಎಸ್ತೆರ್ ಅವರ ಹದಿನಾರರ ಮಗಳು, ಅದೂ ಬಸುರಿ, ಸೆರೆಯಿಂದ ಜೀವಸಹಿತ ಹೊರಬಂದಿದ್ದಳು. ಹೆಣ್ಣುಮಕ್ಕಳನ್ನು ಸ್ವೀಡನ್‌ನಲ್ಲಿ ಸುರಕ್ಷಿತವಾಗಿ ನೆಲೆಗೊಳಿಸುವ ಏರ್ಪಾಡು ಮಾಡಿ ಅವರು ಅಲ್ಲೇ ಉಳಿಯಬಹುದಿತ್ತು. ನಿಮ್ಮ ಮಗಳು ಸಿಕ್ಕಳಲ್ಲ, ಇನ್ನೇಕೆ ಬಂದಿರಿ ಎಂದು ಉಳಿದ ತಾಯಂದಿರೇ ಕೇಳಿದರು. ಎಲ್ಲರ ಮಕ್ಕಳೂ ಸಿಗುವವರೆಗೆ ಬರುತ್ತೇನೆ ಎಂದು ಅವರು ಮರಳಿ ಚೌಕಕ್ಕೆ ಬಂದಿದ್ದರು.

ಹನ್ನೆರಡು ಜನರನ್ನೂ ಒಯ್ದದ್ದು ನೌಕಾಪಡೆಯ ಮೆಕ್ಯಾನಿಕ್ ಶಾಲೆಗೆ, ಎಸ್ಮಾ ಎಂಬ ಚುಟುಕು ಹೆಸರಿನ ಆ ಬಿಳಿ ಕಟ್ಟಡಕ್ಕೆ. ಅಲ್ಲಿ ಚಿತ್ರಹಿಂಸೆ ಕೊಟ್ಟರು. ಆಮೇಲೆ ಇಂಜೆಕ್ಷನ್ ಕೊಟ್ಟು ಮಂಪರು ಬರಿಸಿ, ವಿಮಾನದಲ್ಲಿ ಒಯ್ದು, ಜೀವಂತವಾಗಿಯೇ ಕಡಲಿಗೆ ತಳ್ಳಿದರು. ಕೆಲವೇ ದಿನಗಳಲ್ಲಿ ಸಾಂತಾ ತೆರೆಸಿತಾ ಎಂಬ ಕಡಲೂರಿನ ದಂಡೆಗೆ ಹೆಣಗಳು ಬಂದವು. ಹೆಸರಿಲ್ಲದ ಹೆಣಗಳೆಂದು ಹತ್ತಿರದ ಊರಿನ ಸ್ಮಶಾನದಲ್ಲಿ ಹೂತರು. ಫ್ರಾನ್ಸ್ ಸರ್ಕಾರ ತನ್ನ ಸನ್ಯಾಸಿನಿಯರೆಲ್ಲಿ ಎಂದು ಕೇಳಿದಾಗ ನೌಕಾಪಡೆ ಒಂದು ಫೋಟೊ ಹೊರಬಿಟ್ಟಿತು. ಅದರಲ್ಲಿ ಅವರಿಬ್ಬರೂ ಗೆರಿಲ್ಲಾ ಗುಂಪಿನ ಬ್ಯಾನರ್ ಮುಂದೆ ಕುಳಿತಿದ್ದರು. ಎಸ್ಮಾದ ನೆಲಮಾಳಿಗೆಯಲ್ಲೇ ಬ್ಯಾನರ್ ಕಟ್ಟಿ ತೆಗೆದ ಚಿತ್ರವದು.

ಮುಂದಿನ ಗುರುವಾರವೂ ತಾಯಂದಿರು ಚೌಕಕ್ಕೆ ಬಂದರು. ಕೆಲವರು ಹೆದರಿ ಮನೆಯಲ್ಲೇ ಉಳಿದರು, ಅದು ಸಹಜ. ಬಂದವರು ಕೆಲವರೇ, ಆದರೆ ಬಂದರು.

ಸೇನಾಡಳಿತ ಜಗತ್ತಿಗೆ ತೋರಿಸಬೇಕೆಂದಿದ್ದ ಅರ್ಜೆಂಟೀನಾ ಬೇರೆಯೇ ಇತ್ತು. 1978ರ ಜೂನ್ 1ರಂದು ಫುಟ್‌ಬಾಲ್ ವಿಶ್ವಕಪ್ ಉದ್ಘಾಟನೆ. ದೇಶದ ವರ್ಚಸ್ಸು ಬೆಳಗಿಸಲು ಅಮೆರಿಕದ ಜಾಹೀರಾತು ಕಂಪನಿಯನ್ನೂ ಗೊತ್ತುಮಾಡಿದ್ದರು. ರಿವರ್ ಪ್ಲೇಟ್ ಸ್ಟೇಡಿಯಂ ಎಸ್ಮಾದಿಂದ ಕೂಗಳತೆಯಲ್ಲಿತ್ತು. ಗೋಲು ಬಿದ್ದಾಗ ಎದ್ದ ಕೂಗು ಸೆರೆಯಲ್ಲಿದ್ದವರ ಕಿವಿಗೆ ಬೀಳುತ್ತಿತ್ತೆಂದು ಬದುಕಿ ಬಂದವರು ಹೇಳಿದ್ದಾರೆ. ಉದ್ಘಾಟನೆಯ ಆ ದಿನ ಗುರುವಾರ. ಕ್ರೀಡಾ ವರದಿಗಾರರು ಸ್ಟೇಡಿಯಂ ಕಡೆ ಹೋಗುತ್ತಿದ್ದಾಗ ಡಚ್ ಪತ್ರಕರ್ತ ಯಾನ್ ಫಾನ್ ಡೆರ್ ಪುಟ್ಟನ್ ಕ್ಯಾಮೆರಾದೊಂದಿಗೆ ಪ್ಲಾಸಾ ದೆ ಮಾಯೊಗೆ ಬಂದರು. ತಾಯಂದಿರು ಮೈಕಿನ ಸುತ್ತ ಮುತ್ತಿಕೊಂಡು, ಅಳುತ್ತ, ನಮಗೆ ಉಳಿದಿರುವ ಕೊನೆಯ ಆಸೆ ನೀವೇ ಎಂದು ಬೇಡಿಕೊಂಡರು. ಆ ಚಿತ್ರ ನೆದರ್‌ಲ್ಯಾಂಡ್ಸ್‌ನ ಮನೆಮನೆಯ ಟೀವಿಗೆ ಬಂತು.

ಆ ಒಂದು ದೃಶ್ಯ ಏನು ಮಾಡಿತು? ನೆದರ್‌ಲ್ಯಾಂಡ್ಸ್‌ನಲ್ಲಿ ಮಾಜಿ ಪ್ರಧಾನಿಯ ಪತ್ನಿ ಲೀಸ್‌ಬೆತ್ ಡೆನ್ ಅಯ್ಲ್ ಮುಂದಾಗಿ ‘ಅರ್ಜೆಂಟೀನಾದ ತಾಯಂದಿರಿಗೆ ಬೆಂಬಲ’ ಎಂಬ ಮಹಿಳಾ ಗುಂಪು ಕಟ್ಟಿದರು. ಆ ಗುಂಪು ಭಾಷಣಕ್ಕೆ ನಿಲ್ಲಲಿಲ್ಲ, ಹಣ ಕೂಡಿಸಿತು. ಬ್ಯೂನಸ್ ಐರಿಸ್‌ನಲ್ಲಿ ತಾಯಂದಿರಿಗೆ ತಮ್ಮದೇ ಆದ ಮನೆ ಸಿಗಲು ಆ ಹಣ ನೆರವಾಯಿತು. ಅಲ್ಲಿಯವರೆಗೆ ಅವರು ಕಾಫಿ ಅಂಗಡಿಗಳಲ್ಲಿ ಹುಟ್ಟುಹಬ್ಬದ ನೆಪ ಮಾಡಿ, ಚರ್ಚುಗಳಲ್ಲಿ ಪ್ರಾರ್ಥನೆಯ ನಡುವೆ ಚೀಟಿ ದಾಟಿಸಿ ಮಾತಾಡಿಕೊಳ್ಳುತ್ತಿದ್ದವರು. ಕೂರಲು ಜಾಗ, ಕಾಗದ ಇಡಲು ಕಪಾಟು, ಬರುವವರಿಗೊಂದು ವಿಳಾಸ ಸಿಕ್ಕಿತು. ಅವರಿಗೆ ಬೇಕಿದ್ದದ್ದು ಅದು. ಪ್ಯಾರಿಸ್ಸಿನಲ್ಲಿ ಅರ್ಜೆಂಟೀನಾದ ರಾಯಭಾರ ಕಚೇರಿಯ ಮುಂದೆ ಗುರುವಾರಗಳಂದು ಜನ ಸೇರತೊಡಗಿದರು. ವಿಶ್ವಕಪ್ ಬಹಿಷ್ಕರಿಸಿ ಎಂಬ ಚಳವಳಿ ಫ್ರಾನ್ಸಿನಲ್ಲಿ ಜೋರಾಗಿ ನಡೆದರೂ ತಂಡಗಳೇನೂ ಹಿಂದೆ ಸರಿಯಲಿಲ್ಲ. ಆದರೆ ವಿಶ್ವಕಪ್ ಜೊತೆಗೇ ‘ಕಾಣೆಯಾದವರು’ ಎಂಬ ಸುದ್ದಿಯೂ ಯುರೋಪಿನ ಪತ್ರಿಕೆಗಳ ಪುಟಕ್ಕೆ ಬಂತು.

ಸರ್ಕಾರಗಳ ನಡೆ ಇಷ್ಟು ನೇರವಾಗಿರಲಿಲ್ಲ. 1976ರ ಜೂನ್‌ನಲ್ಲಿ ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್, ಮಾಡುವುದೇನಿದ್ದರೂ ಬೇಗ ಮುಗಿಸಿ ಎಂಬ ಧಾಟಿಯಲ್ಲಿ ಅರ್ಜೆಂಟೀನಾದ ಸಚಿವರಿಗೆ ಹೇಳಿದ್ದು ಆಮೇಲೆ ಬಯಲಾದ ದಾಖಲೆಗಳಲ್ಲಿದೆ. ಎರಡು ವರ್ಷದ ನಂತರ ಕಿಸಿಂಜರ್ ವಿಡೆಲಾ ಅವರ ಅತಿಥಿಯಾಗಿ ವಿಶ್ವಕಪ್ ನೋಡಲೂ ಹೋದರು. ಎದುರು ಬಣದ ಸೋವಿಯತ್ ಒಕ್ಕೂಟವೂ ಬೇರೆಯಾಗಿ ನಡೆದುಕೊಳ್ಳಲಿಲ್ಲ. ಅರ್ಜೆಂಟೀನಾದ ಧಾನ್ಯ ಅದಕ್ಕೆ ಬೇಕಿತ್ತು. ವಿಶ್ವಸಂಸ್ಥೆಯಲ್ಲಿ ಆ ದೇಶದ ವಿರುದ್ಧ ಖಂಡನೆ ಬರದಂತೆ ಅಡ್ಡ ನಿಂತಿತು. ಕಮ್ಯುನಿಸಂ ವಿರುದ್ಧ ಹೋರಾಡುತ್ತಿದ್ದೇವೆ ಎನ್ನುತ್ತಿದ್ದ ಜನರಲ್‌ಗಳಿಗೆ ಮಾಸ್ಕೋದ ರಕ್ಷಣೆ ದೊರೆತದ್ದು ಹೀಗೆ. ಜಿಮ್ಮಿ ಕಾರ್ಟರ್ ಬಂದಮೇಲೆ ವಾಷಿಂಗ್ಟನ್ನಿನ ದನಿ ಬದಲಾಯಿತು. ಮಾನವ ಹಕ್ಕುಗಳ ಅಧಿಕಾರಿ ಪೆಟ್ರೀಷಿಯಾ ಡೇರಿಯನ್ ಬ್ಯೂನಸ್ ಐರಿಸ್‌ಗೇ ಹೋಗಿ ಸೇನಾ ಮುಖ್ಯಸ್ಥರನ್ನು ಮುಖಾಮುಖಿ ಪ್ರಶ್ನಿಸಿದರು. ಅಣೆಕಟ್ಟಿಗೆ ಬೇಕಾದ ಟರ್ಬೈನ್ ಕೊಳ್ಳಲು ಅಮೆರಿಕದಿಂದ ಸಿಗಬೇಕಿದ್ದ ಸಾಲ ನಿಂತಿತು. 1978ರ ಸೆಪ್ಟೆಂಬರಿನಲ್ಲಿ ರೋಮ್‌ನಲ್ಲಿ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಮತ್ತು ವಿಡೆಲಾ ಭೇಟಿಯಾದಾಗ ಕೊಡು ಕೊಳ್ಳುವ ಮಾತಾಯಿತು: ಸಾಲ ಬೇಕಾದರೆ ಅಮೆರಿಕ ಖಂಡದ ಮಾನವ ಹಕ್ಕು ಆಯೋಗವನ್ನು ಒಳಗೆ ಬಿಡಿ.

ಆಯೋಗ 1979ರ ಸೆಪ್ಟೆಂಬರ್ 6ರಂದು ಬಂತು, ಎರಡು ವಾರ ಉಳಿಯಿತು. ಅದರ ಕಚೇರಿ ತೆರೆದದ್ದು ಪ್ಲಾಸಾ ದೆ ಮಾಯೊದಿಂದ ಹೊರಡುವ ದೊಡ್ಡ ಬೀದಿಯಲ್ಲಿ. ಜನ ಸಾಲುಗಟ್ಟಿ ನಿಂತರು. ಅದೇ ವಾರ ಜಪಾನಿನಲ್ಲಿ ಮರಡೋನಾ ಇದ್ದ ಕಿರಿಯರ ತಂಡ ವಿಶ್ವಕಪ್ ಗೆದ್ದಿತ್ತು. ಹೋಗಿ ಆ ಆಯೋಗಕ್ಕೆ ನಮ್ಮ ನಿಜವಾದ ಮುಖ ತೋರಿಸಿ ಎಂದು ರೇಡಿಯೊದಲ್ಲಿ ಹುರಿದುಂಬಿಸಿದರು. ಸಂಭ್ರಮದ ಮೆರವಣಿಗೆ ಸಾಲಿನ ಪಕ್ಕದಲ್ಲೇ ಹಾದುಹೋಯಿತು. ಮಕ್ಕಳ ಫೋಟೊ ಹಿಡಿದು ನಿಂತವರು ಬೈಗುಳ ಕೇಳಿಸಿಕೊಂಡರು, ಸಾಲು ಮಾತ್ರ ಕದಲಲಿಲ್ಲ. ಆಯೋಗಕ್ಕೆ 5,580 ದೂರುಗಳು ಬಂದವು. ಅದರ ಭೇಟಿಗೆ ಮುನ್ನ ಎಸ್ಮಾದ ಕೈದಿಗಳನ್ನು ನದೀಮುಖಜ ಭೂಮಿಯ ದ್ವೀಪವೊಂದಕ್ಕೆ ಸಾಗಿಸಿ ಬಚ್ಚಿಟ್ಟಿದ್ದರು. 1980ರಲ್ಲಿ ಹೊರಬಂದ ಆಯೋಗದ ವರದಿಯನ್ನು ಸರ್ಕಾರ ದೇಶದೊಳಗೆ ತಡೆಹಿಡಿದರೂ ಅದು ಗುಟ್ಟಾಗಿ ಕೈಯಿಂದ ಕೈಗೆ ಹೋಯಿತು. ಸಾಲಿನಲ್ಲಿ ನಿಂತ ತಾಯಂದಿರಿಲ್ಲದೆ ಆ ವರದಿಯಿಲ್ಲ. ಟರ್ಬೈನ್ ಸಾಲದ ಒತ್ತಡವಿಲ್ಲದೆ ಆ ಸಾಲಿಗೊಂದು ಬಾಗಿಲೂ ಇರುತ್ತಿರಲಿಲ್ಲ.

ಸೋಲಿನ ಕಥೆಯೂ ಒಂದಿದೆ. 1977ರ ಜನವರಿಯಲ್ಲಿ ಸ್ವೀಡನ್ ಪೌರತ್ವದ ಹದಿನೇಳರ ಹುಡುಗಿ ಡಗ್ಮಾರ್ ಹಾಗೆಲಿನ್‌ಳನ್ನು ಬೀದಿಯಲ್ಲಿ ಗುಂಡು ಹೊಡೆದು ಎತ್ತಿಕೊಂಡು ಹೋಗಿದ್ದರು. ಕಾರ್ಯಾಚರಣೆ ನಡೆಸಿದ ತಂಡದಲ್ಲಿದ್ದವನು ಅಸ್ತೀಸ್. ಫಾಕ್‌ಲ್ಯಾಂಡ್ಸ್ ಯುದ್ಧ ಶುರುವಾದ 1982ರ ಏಪ್ರಿಲ್‌ನಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಅದೇ ಅಸ್ತೀಸ್ ಬ್ರಿಟಿಷರ ಕೈಗೆ ಸೆರೆಸಿಕ್ಕ. ಸ್ವೀಡನ್ ಮತ್ತು ಫ್ರಾನ್ಸ್ ಅವನನ್ನು ವಿಚಾರಿಸಬೇಕೆಂದವು. ಬ್ರಿಟನ್ ಒಂದಿಷ್ಟು ಪ್ರಶ್ನೆ ಕೇಳಿ, ಯುದ್ಧಕೈದಿಗಳ ಒಪ್ಪಂದದ ನಿಯಮ ಮುಂದಿಟ್ಟು, ಅವನನ್ನು ಊರಿಗೆ ಕಳಿಸಿಕೊಟ್ಟಿತು. ಮೂರು ದೇಶಗಳ ಕೈಗೆಟುಕುವಂತಿದ್ದವನು ಮತ್ತೆ ಹಲವು ವರ್ಷ ತಲೆಯೆತ್ತಿ ನಡೆದ. ಆ ಯುದ್ಧದ ಉನ್ಮಾದದಲ್ಲೂ ತಾಯಂದಿರು ಚೌಕಕ್ಕೆ ಬರುವುದನ್ನು ಬಿಡಲಿಲ್ಲ. ಆ ದ್ವೀಪಗಳು ಅರ್ಜೆಂಟೀನಾದವು ಎನ್ನುತ್ತೀರಿ, ಕಾಣೆಯಾದವರೂ ಅರ್ಜೆಂಟೀನಾದವರೇ ಎಂದು ಬರೆದು ಹಿಡಿದರು. ದೇಶವೇ ಬಾವುಟ ಬೀಸುತ್ತಿದ್ದಾಗ ಹಾಗೆ ಬರೆಯಲು ಇನ್ನೂ ಹೆಚ್ಚಿನ ಎದೆಗಾರಿಕೆ ಬೇಕು.

ತಾಯಂದಿರಲ್ಲಿ ಕೆಲವರು ಹುಡುಕುತ್ತಿದ್ದದ್ದು ಇಬ್ಬರನ್ನು. ಸೆರೆಯಾದಾಗ ಮಗಳೋ ಸೊಸೆಯೋ ಬಸುರಿಯಾಗಿದ್ದಳು, ಇಲ್ಲವೇ ಕೂಸನ್ನೂ ಜೊತೆಗೇ ಒಯ್ದಿದ್ದರು. ಸೆರೆಯಲ್ಲಿ ಹೆರಿಗೆ ಮಾಡಿಸಿ, ತಾಯಿಯನ್ನು ಕೊಂದು, ಮಗುವನ್ನು ಸೇನೆ ಪೊಲೀಸಿನವರ, ಅವರಿಗೆ ಬೇಕಾದವರ ಮನೆಗೆ ಕೊಡುತ್ತಿದ್ದರು. ಇಂಥ ಮಕ್ಕಳು ಸುಮಾರು 500 ಎಂಬುದು ಅಂದಾಜು. 1977ರ ಅಕ್ಟೋಬರಿನಲ್ಲಿ ಹನ್ನೆರಡು ಹೆಂಗಸರು ‘ಪ್ಲಾಸಾ ದೆ ಮಾಯೊದ ಅಜ್ಜಿಯರು’ ಎಂಬ ಸಂಘಟನೆ ಕಟ್ಟಿಕೊಂಡರು. ಶಾಲೆಯ ಗೇಟಿನ ಬಳಿ ನಿಂತು ಮಕ್ಕಳ ಮುಖ ನೋಡಿದರು, ಅನುಮಾನ ಬಂದ ಮನೆಗಳ ಆಜುಬಾಜು ಸುಳಿದಾಡಿದರು. ಮೊಮ್ಮಗು ಇದೇ ಎಂದು ಕರುಳು ಹೇಳಿದರೂ ನ್ಯಾಯಾಧೀಶರ ಮುಂದೆ ಸಾಬೀತು ಮಾಡುವುದು ಹೇಗೆ? ತಂದೆ ತಾಯಿ ಇಬ್ಬರೂ ಇಲ್ಲ.

ರಕ್ತ ಪರೀಕ್ಷೆಯಿಂದ ತಂದೆಯನ್ನು ಗುರುತಿಸಬಹುದೆಂದು ಅಜ್ಜಿಯರು ಪತ್ರಿಕೆಯಲ್ಲಿ ಓದಿದರು. ಹಾಗಾದರೆ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸಲಾಗದೇ? ಚಿಚಾ ಮಾರಿಯಾನಿ, ಎಸ್ತೆಲಾ ದೆ ಕಾರ್ಲೊತ್ತೊ ಮೊದಲಾದವರು ಈ ಪ್ರಶ್ನೆಯನ್ನು ಹೊತ್ತು ದೇಶದಿಂದ ದೇಶಕ್ಕೆ ಹೋದರು, ಆಸ್ಪತ್ರೆಗಳ ಬಾಗಿಲು ತಟ್ಟಿದರು. ಆಗಿನ್ನೂ ಅದಕ್ಕೆ ಉತ್ತರ ಯಾರ ಬಳಿಯೂ ಸಿದ್ಧವಿರಲಿಲ್ಲ. 1982ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರಿಗೆ ವಿಕ್ತೊರ್ ಪೆನ್ಚಸಾಡೆ ಸಿಕ್ಕರು. ತಾವೂ ಅಪಹರಣದಿಂದ ಸ್ವಲ್ಪದರಲ್ಲಿ ಪಾರಾಗಿ ದೇಶ ಬಿಟ್ಟಿದ್ದ ಅರ್ಜೆಂಟೀನಾದ ತಳಿವಿಜ್ಞಾನಿ. ಅವರ ಮೂಲಕ, ಅಮೆರಿಕದ ವಿಜ್ಞಾನ ಸಂಘಟನೆಯೊಂದರ ಮೂಲಕ, ಪ್ರಶ್ನೆ ಬರ್ಕ್ಲಿಯ ಮೇರಿ-ಕ್ಲೇರ್ ಕಿಂಗ್ ಅವರನ್ನು ತಲುಪಿತು. ಸ್ತನ ಕ್ಯಾನ್ಸರಿನ ಬಿಆರ್‌ಸಿಎ1 ಜೀನ್ ಎಲ್ಲಿದೆಯೆಂದು 1990ರಲ್ಲಿ ತೋರಿಸಿಕೊಟ್ಟ ವಿಜ್ಞಾನಿ ಇವರೇ. ನಾಲ್ವರು ಅಜ್ಜ ಅಜ್ಜಿಯರ ರಕ್ತದ ಗುರುತುಗಳನ್ನು ಮಗುವಿನದರೊಂದಿಗೆ ಹೋಲಿಸಿ ಸಂಬಂಧದ ಸಂಭಾವ್ಯತೆಯನ್ನು ಲೆಕ್ಕ ಹಾಕುವ ಸೂತ್ರ ಹೊರಬಂತು. 1984ರಲ್ಲಿ ಕಿಂಗ್ ಬ್ಯೂನಸ್ ಐರಿಸ್‌ಗೆ ಬಂದರು. ಅಲ್ಲಿನ ಡುರಾಂಡ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆ ಪರೀಕ್ಷೆ ಮಾಡುವ ಪರಿಣತಿ ಅದಾಗಲೇ ಇತ್ತು. ಎರಡು ವರ್ಷ ತುಂಬುವ ಮೊದಲೇ ತಂದೆ ತಾಯಿಯೊಡನೆ ಅಪಹರಣಗೊಂಡು, ಪೊಲೀಸ್ ಅಧಿಕಾರಿಯ ಮನೆಯಲ್ಲಿ ಮಗಳೆಂದು ಬೆಳೆಯುತ್ತಿದ್ದ ಪೌಲಾ ಲೊಗಾರೆಸ್ ಆ ವರ್ಷದ ಡಿಸೆಂಬರಿನಲ್ಲಿ ಅಜ್ಜಿಯ ಮನೆ ಸೇರಿದಳು. ರಕ್ತದ ಸಾಕ್ಷ್ಯದ ಮೇಲೆ ಮರಳಿ ಬಂದ ಮೊದಲ ಮೊಮ್ಮಗು ಅವಳು.

ಆಮೇಲೆ ಕಿಂಗ್ ಮೈಟೊಕಾಂಡ್ರಿಯಾದ ಡಿಎನ್ಎಯನ್ನು ಬಳಕೆಗೆ ತಂದರು. ಅದು ತಾಯಿಯಿಂದ ಮಾತ್ರ ಮಗುವಿಗೆ ದಾಟುವಂಥದ್ದು. ಹಾಗಾಗಿ ತಾಯಿಯ ತಾಯಿಯೊಬ್ಬಳು ಇದ್ದರೂ ಸಾಕು, ಮೊಮ್ಮಗುವಿನ ನಂಟು ಹಿಡಿಯಬಹುದು. 1987ರಲ್ಲಿ ಕಾನೂನಿನ ಮೂಲಕ ರಾಷ್ಟ್ರೀಯ ಆನುವಂಶಿಕ ದತ್ತಾಂಶ ಬ್ಯಾಂಕ್ ಶುರುವಾಯಿತು, ಅಜ್ಜಿಯರು ತಮ್ಮ ರಕ್ತವನ್ನು ಅಲ್ಲಿ ಕಾಪಿಟ್ಟರು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಮಗುವಿಗೆ ತನ್ನ ಗುರುತನ್ನು ಉಳಿಸಿಕೊಳ್ಳುವ ಹಕ್ಕಿದೆ ಎನ್ನುವ 8ನೇ ವಿಧಿ ಸೇರಿದ್ದು ಅರ್ಜೆಂಟೀನಾದ ಒತ್ತಾಯದಿಂದ. ಅಂತರರಾಷ್ಟ್ರೀಯ ಬೆಂಬಲ ಎಂದರೆ ಹೇಳಿಕೆಗೆ ಸಹಿ ಹಾಕುವುದಷ್ಟೇ ಎಂದುಕೊಂಡವರು ಈ ಅಧ್ಯಾಯ ಓದಬೇಕು. ಪ್ರಶ್ನೆ ಅಜ್ಜಿಯರದು. ಹೊರಗಿನವರು ಬಂದು ಅವರಿಗೆ ಹೋರಾಟ ಕಲಿಸಲಿಲ್ಲ. ಕ್ಯಾಮೆರಾ ಇದ್ದವರು ಕ್ಯಾಮೆರಾ ತಂದರು, ಪ್ರಯೋಗಾಲಯ ಇದ್ದವರು ಅದನ್ನು ತೆರೆದುಕೊಟ್ಟರು.

1983ರಲ್ಲಿ ಪ್ರಜಾಪ್ರಭುತ್ವ ಮರಳಿತು. 1985ರ ವಿಚಾರಣೆಯಲ್ಲಿ ವಿಡೆಲಾಗೆ ಜೀವಾವಧಿ ಶಿಕ್ಷೆಯಾಯಿತು. ಬ್ಯಾರಕ್ಕುಗಳಲ್ಲಿ ಗುರುಗುಟ್ಟುವಿಕೆ ಕೇಳಿದ್ದೇ ತಡ, 1986 ಮತ್ತು 1987ರಲ್ಲಿ ಎರಡು ಕಾನೂನು ತಂದು ಮೊಕದ್ದಮೆಗಳಿಗೆ ತೆರೆ ಎಳೆದರು. ಅಧ್ಯಕ್ಷ ಮೆನೆಮ್ 1990ರಲ್ಲಿ ವಿಡೆಲಾನನ್ನು ಕ್ಷಮಿಸಿ ಬಿಟ್ಟರು. ಊರಿನ ನ್ಯಾಯಾಲಯದ ಬಾಗಿಲು ಮುಚ್ಚಿದಾಗ ಪರದೇಶದ ಬಾಗಿಲು ತೆರೆಯಿತು. ಅದೇ 1990ರಲ್ಲಿ ಪ್ಯಾರಿಸ್ ನ್ಯಾಯಾಲಯ ಇಬ್ಬರು ಸನ್ಯಾಸಿನಿಯರ ಪ್ರಕರಣದಲ್ಲಿ ಅಸ್ತೀಸ್‌ಗೆ ಅವನ ಗೈರುಹಾಜರಿಯಲ್ಲೇ ಜೀವಾವಧಿ ವಿಧಿಸಿತು. ಗಡಿ ದಾಟಿದರೆ ಬಂಧನ ಖಚಿತವಾಯಿತು. ವಿಮಾನದಿಂದ ಮನುಷ್ಯರನ್ನು ತಳ್ಳಿದ್ದನ್ನು 1995ರಲ್ಲಿ ಪತ್ರಕರ್ತನ ಮುಂದೆ ಒಪ್ಪಿಕೊಂಡಿದ್ದ ನೌಕಾ ಅಧಿಕಾರಿ ಅಡೊಲ್ಫೊ ಸಿಲಿಂಗೊಗೆ 2005ರಲ್ಲಿ ಶಿಕ್ಷೆಯಾದದ್ದು ಸ್ಪೇನ್‌ನಲ್ಲಿ.

ದೇಶದೊಳಗೂ ಒಂದು ಕಿಂಡಿ ಉಳಿದಿತ್ತು. ಮೊಕದ್ದಮೆ ನಿಲ್ಲಿಸಿದ ಕಾನೂನು ಶಿಶು ಅಪಹರಣಕ್ಕೆ ರಕ್ಷಣೆ ಕೊಟ್ಟಿರಲಿಲ್ಲ. ಅಜ್ಜಿಯರ ವಕೀಲರು ಅದನ್ನೇ ಹಿಡಿದರು. 1998ರಲ್ಲಿ ವಿಡೆಲಾ ಮತ್ತೆ ಬಂಧನಕ್ಕೊಳಗಾದದ್ದು ಮಕ್ಕಳನ್ನು ಕದ್ದ ಆರೋಪದ ಮೇಲೆ. 2005ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನುಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ಆಮೇಲಿನ ಮೊಕದ್ದಮೆಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಗಿದೆ. ಅಸ್ತೀಸ್‌ಗೆ 2011ರಲ್ಲಿ ಜೀವಾವಧಿ. ಯೋಜಿತವಾಗಿ ಮಕ್ಕಳನ್ನು ಕದ್ದದ್ದಕ್ಕಾಗಿ 2012ರಲ್ಲಿ ವಿಡೆಲಾಗೆ 50 ವರ್ಷ. ಮರುವರ್ಷ ಅವರು ಜೈಲಿನಲ್ಲೇ ಸತ್ತರು.

ಅದೇ 2005ರಲ್ಲಿ ಕಡಲೂರಿನ ಬಳಿಯ ಸ್ಮಶಾನದ ಮೂಳೆಗಳಿಗೂ ಹೆಸರು ಸಿಕ್ಕಿತು. ಅಮೆರಿಕದ ವಿಧಿವಿಜ್ಞಾನ ತಜ್ಞ ಕ್ಲೈಡ್ ಸ್ನೋ 1984ರಲ್ಲಿ ಬಂದು ಅಲ್ಲಿನ ಎಳೆಯ ವಿದ್ಯಾರ್ಥಿಗಳಿಗೆ ಗೋರಿ ಅಗೆದು ಮೂಳೆ ಓದುವುದನ್ನು ಕಲಿಸಿದ್ದರು. ಆ ವಿದ್ಯಾರ್ಥಿಗಳ ತಂಡವೇ ಅಸುಸೇನಾ, ಎಸ್ತೆರ್, ಮರಿಯಾ, ಲಿಯೊನಿ ಅವರನ್ನು ಗುರುತಿಸಿತು. ಮೂಳೆಗಳು ಮುರಿದ ರೀತಿ ಎತ್ತರದಿಂದ ಬಿದ್ದದ್ದನ್ನು ಹೇಳುತ್ತಿತ್ತು. ಅಸುಸೇನಾ ಅವರ ಚಿತಾಭಸ್ಮವನ್ನು ಅವರು ಸುತ್ತು ಹಾಕಿದ ಸ್ತಂಭದ ಬುಡದಲ್ಲೇ ಹೂತರು. ಆಲಿಸ್ ದೊಮೋನ್ ಇಂದಿಗೂ ಸಿಕ್ಕಿಲ್ಲ.

ತಾಯಂದಿರೆಲ್ಲ ಒಂದೇ ಮನಸ್ಸಿನವರಾಗಿದ್ದರು ಎಂದರೆ ಅದು ಅವರಿಗೇ ಮಾಡುವ ಅನ್ಯಾಯ. 1986ರಲ್ಲಿ ಸಂಘಟನೆ ಎರಡಾಯಿತು. ಇಬ್ಬರು ಗಂಡುಮಕ್ಕಳನ್ನೂ ಸೊಸೆಯನ್ನೂ ಕಳೆದುಕೊಂಡ ಎಬೆ ದೆ ಬೊನಾಫಿನಿ ಅವರ ಬಣ ಗೋರಿ ಅಗೆಯುವುದನ್ನೂ ಪರಿಹಾರ ಧನವನ್ನೂ ಒಪ್ಪಲಿಲ್ಲ. ಕೊಂದವರು ಯಾರೆಂದು ಹೇಳದೆ ಮೂಳೆಗಂಟು ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಾರೆ ಎಂಬುದು ಅವರ ವಾದ. ನೋರಾ ಕೊರ್ತಿನ್ಯಾಸ್ ಮುಂತಾದವರಿದ್ದ ಇನ್ನೊಂದು ಬಣ, ಆ ನಿರ್ಧಾರ ಆಯಾ ಮನೆಯವರಿಗೆ ಬಿಟ್ಟದ್ದು ಎಂದಿತು. ಬೊನಾಫಿನಿ ರಾಜಕೀಯದಲ್ಲಿ ಪಕ್ಷ ವಹಿಸಿದರು, ಒರಟಾಗಿ ಮಾತಾಡಿದರು, ಅವರ ಪ್ರತಿಷ್ಠಾನದ ವಸತಿ ಯೋಜನೆಯ ಹಣಕಾಸು ದೊಡ್ಡ ಹಗರಣವಾಯಿತು. ಇದ್ಯಾವುದನ್ನೂ ಮುಚ್ಚಿಡಬೇಕಿಲ್ಲ. ಒಂದು ಕಡೆ ಮೂಳೆ ಸಿಕ್ಕಿತೆಂದು ಕೊನೆಗೂ ಅತ್ತ ತಾಯಿ, ಇನ್ನೊಂದು ಕಡೆ ಮೂಳೆ ಬೇಡ ಎಂದು ಹಟ ಹಿಡಿದ ತಾಯಿ. ಹೊರಗಿನವರು ಇವರಲ್ಲೊಬ್ಬರನ್ನು ಸರಿ, ಇನ್ನೊಬ್ಬರನ್ನು ತಪ್ಪು ಎನ್ನಲು ಹೊರಟರೆ ಅದು ದುಡುಕು. ಬೊನಾಫಿನಿ 2022ರಲ್ಲಿ, ಕೊರ್ತಿನ್ಯಾಸ್ 2024ರಲ್ಲಿ ತೀರಿಕೊಂಡರು.

ಪ್ಲಾಸಾ ದೆ ಮಾಯೊವನ್ನು ನೋಡಿ ಎಷ್ಟೋ ಊರುಗಳ ತಾಯಂದಿರು ಎದ್ದರು. ಇಸ್ತಾಂಬುಲ್‌ನ ಗಲತಸರಾಯ್ ಚೌಕದಲ್ಲಿ 1995ರ ಮೇ 27ರಿಂದ ‘ಶನಿವಾರದ ತಾಯಂದಿರು’ ಮಕ್ಕಳ ಫೋಟೊ ಹಿಡಿದು ಕೂರತೊಡಗಿದರು. 2018ರಲ್ಲಿ ಅವರ 700ನೇ ವಾರದ ಸಭೆಯನ್ನು ಪೊಲೀಸರು ಚದುರಿಸಿದರು. ಶ್ರೀನಗರದಲ್ಲಿ ಪರ್ವೀನಾ ಅಹಂಗರ್, 1990ರಲ್ಲಿ ಒಯ್ಯಲಾದ ಮಗನಿಗಾಗಿ ಅಲೆದು, 1994ರಲ್ಲಿ ಕಾಣೆಯಾದವರ ಪೋಷಕರ ಸಂಘ ಕಟ್ಟಿದರು. ಶ್ರೀಲಂಕಾದ ಉತ್ತರದಲ್ಲಿ ತಮಿಳು ತಾಯಂದಿರು 2017ರಿಂದ ರಸ್ತೆಬದಿಯ ಚಪ್ಪರಗಳಲ್ಲಿ ಕುಳಿತಿದ್ದಾರೆ. ನಮ್ಮ ಬೆಂಗಳೂರಿಗೂ ಒಂದು ಎಳೆ ಬಂದಿದೆ. ಕಪ್ಪು ಬಟ್ಟೆ ತೊಟ್ಟು ಬೀದಿಯಲ್ಲಿ ಮೌನವಾಗಿ ನಿಲ್ಲುವ ‘ವಿಮೆನ್ ಇನ್ ಬ್ಲ್ಯಾಕ್’ ಚಳವಳಿ ತನ್ನ ಪ್ರೇರಣೆಗಳಲ್ಲಿ ಈ ತಾಯಂದಿರನ್ನು ಹೆಸರಿಸುತ್ತದೆ. 1990ರ ದಶಕದಲ್ಲಿ ಅದನ್ನು ಇಲ್ಲಿಗೆ ತಂದದ್ದು ವಿಮೋಚನಾ ಸಂಘಟನೆಯ ಹೆಂಗಸರು. ಬಲವಂತದ ಕಣ್ಮರೆಯನ್ನು ತಡೆಯುವ ವಿಶ್ವಸಂಸ್ಥೆಯ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಯಿತು. ಭಾರತ 2007ರ ಫೆಬ್ರುವರಿಯಲ್ಲಿ ಅದಕ್ಕೆ ಸಹಿ ಹಾಕಿತು, ಸ್ಥಿರೀಕರಿಸಿಲ್ಲ.

ಅರ್ಜೆಂಟೀನಾದಲ್ಲಿ ವಾದ ಮುಗಿದಿಲ್ಲ. 2017ರಲ್ಲಿ ಅಪರಾಧಿಗಳ ಶಿಕ್ಷೆ ತಗ್ಗಿಸಲು ದಾರಿ ಮಾಡುವ ತೀರ್ಪು ಸುಪ್ರೀಂ ಕೋರ್ಟಿನಿಂದ ಬಂದಾಗ ಲಕ್ಷಾಂತರ ಜನ ಬಿಳಿ ವಸ್ತ್ರ ಎತ್ತಿ ಹಿಡಿದು ಪ್ಲಾಸಾ ದೆ ಮಾಯೊ ತುಂಬಿದರು, ಸಂಸತ್ತು ಅವಸರದಿಂದ ಕಾನೂನು ಮಾಡಿ ಅದನ್ನು ತಡೆಯಿತು. 2023ರ ಚುನಾವಣಾ ಚರ್ಚೆಯಲ್ಲಿ ಹವಿಯೆರ್ ಮಿಲೆ, ಕಾಣೆಯಾದವರು 30,000 ಅಲ್ಲ, 8,753 ಎಂದರು, ಗೆದ್ದು ಅಧ್ಯಕ್ಷರಾದರು. ಅದೇ ವರ್ಷ ಎಸ್ಮಾ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಸುಸೇನಾ ಮತ್ತು ಜೊತೆಗಾರರನ್ನು ಕಡಲಿಗೆ ತಳ್ಳಿದ ವಿಮಾನವನ್ನು ಅಮೆರಿಕದಲ್ಲಿ ಪತ್ತೆ ಹಚ್ಚಿ, ಕೊಂಡು, ಅಲ್ಲಿಗೆ ತಂದು ನಿಲ್ಲಿಸಿದರು.

2025ರ ಜುಲೈನಲ್ಲಿ ಅಜ್ಜಿಯರ ಸಂಘಟನೆ 140ನೆಯ ಮೊಮ್ಮಗು ಸಿಕ್ಕಿತೆಂದು ಪ್ರಕಟಿಸಿತು. ಎಸ್ತೆಲಾ ದೆ ಕಾರ್ಲೊತ್ತೊ ಅವರ ಮೊಮ್ಮಗ ಸಿಕ್ಕಿದ್ದು 2014ರಲ್ಲಿ, 114ನೆಯವನಾಗಿ. ಸಂಗೀತಗಾರನಾಗಿದ್ದ ಆತ ತನ್ನ ಹುಟ್ಟಿನ ಬಗ್ಗೆ ಅನುಮಾನ ಬಂದು ತಾನೇ ಪರೀಕ್ಷೆಗೆ ರಕ್ತ ಕೊಟ್ಟಿದ್ದ. ಇನ್ನೂ ಸಿಗದ ನೂರಾರು ಮಂದಿಗೆ ಈಗ ಐವತ್ತರ ಹತ್ತಿರದ ವಯಸ್ಸು, ಅವರಲ್ಲಿ ಕೆಲವರಾದರೂ ಬೇರೆ ದೇಶಗಳಲ್ಲಿ ನೆಲೆಸಿರಬೇಕು. ಸ್ಪೇನ್, ಇಟಲಿ ಮೊದಲಾದ ಕಡೆ ಸ್ವಯಂಸೇವಕರ ಜಾಲಗಳು ಹುಡುಕುತ್ತಿವೆ. ಅನುಮಾನವಿದ್ದವರು ಅರ್ಜೆಂಟೀನಾದ ರಾಯಭಾರ ಕಚೇರಿಗಳ ಮೂಲಕ ಮಾದರಿ ಕೊಡಬಹುದು. ಹುಡುಕಲು ಹೊರಟ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ. ಬಂದ ಮಾದರಿಯನ್ನು ಬ್ಯೂನಸ್ ಐರಿಸ್‌ನ ಬ್ಯಾಂಕಿನಲ್ಲಿ ಅವರು ಬಿಟ್ಟುಹೋದ ರಕ್ತದೊಂದಿಗೆ ಹೋಲಿಸುತ್ತಾರೆ.